ಗೂಗಿ ಟಪಾಲು, ನಿರ್ಣಾ ಪೋಸ್ಟ್

ಗೂಗಿ ಟಪಾಲು ತರುತ್ತದೆ ಎಂಬ ಒಂದೇ ಸಂಗತಿಗೆ ಇಂಗ್ಲೆಂಡಿನ ಮಾಟದ ಕಾದಂಬರಿ ನಮ್ಮ ನಿರ್ಣಾದಲ್ಲಿ ಫೇಲಾಗುತ್ತದೆ. ಮಾಳಿಗೆ ಮೇಲೆ ಗೂಗಿ ಬಂದು ಕೂತಿತೆಂದರೆ ನಮ್ಮಲ್ಲಿ ಮೊದಲು ಕಲ್ಲು ಹೊಡೆದು ಓಡಿಸುತ್ತಾರೆ, ಆಮೇಲೆ ಅಯ್ಯನವರನ್ನು ಕೇಳಿಕೊಂಡು ಬರಲು ಒಬ್ಬರನ್ನು ಓಡಿಸುತ್ತಾರೆ. ಅಯ್ಯನವರು ಪಂಚಾಂಗ ಬಿಚ್ಚುವ ಮೊದಲೇ ಮನೆಯ ಹೆಂಗಸರು ಹಾಸಿಗೆ ಸುತ್ತಿ ತವರಿಗೆ ಹೊರಡುವ ತಯಾರಿಯಲ್ಲಿರುತ್ತಾರೆ. ಆ ಹಕ್ಕಿಯ ಕಾಲಿಗೆ ಕಟ್ಟಿದ ಲಕೋಟೆ ಬಿಚ್ಚಿ, 'ನಿಮ್ಮ ಹುಡುಗನಿಗೆ ಮಾಂತ್ರಿಕರ ಸಾಲ್ಯಾಗ ಸೀಟು ಸಿಕ್ಕದ' ಎಂದು ಓದಿ ಹೇಳುವ ಗಂಡಸು ಈ ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ.

ಖರೆ ಹೇಳಬೇಕೆಂದರೆ ಹ್ಯಾರಿ ಪಾಟರ್ ಪುಸ್ತಕದಲ್ಲಿ ನಮ್ಮವರ ಹಾಗೆ ನಡೆದುಕೊಂಡವರು ಹುಡುಗನ ದೊಡ್ಡವ್ವ ಮತ್ತು ಅವಳ ಗಂಡ. ಟಪಾಲು ಹಾಕುವ ಕಿಂಡಿಗೆ ಮೊಳೆ ಹೊಡೆದರು. ಅದಕ್ಕೂ ಜಗ್ಗದೆ ಪತ್ರದ ಮೇಲೆ ಪತ್ರ ಬಂದಾಗ ಮನೆ ಬಿಟ್ಟು ಸಮುದ್ರದ ನಡುವಿನ ಬಂಡೆಯ ಮೇಲಿನ ಗುಡಿಸಿಲಿಗೆ ಓಡಿದರು. ಲೇಖಕಿ ರೋಲಿಂಗ್ ಈ ದಂಪತಿಗಳನ್ನು ಕೆಟ್ಟವರ ಸಾಲಿಗೆ ಸೇರಿಸಿದ್ದಾರೆ. ನಮ್ಮ ಅವ್ವ ಆ ಭಾಗ ಕೇಳಿ, "ಇಡೀ ಕತಿಯಾಗ ಆಕಿ ಒಬ್ಬಾಕಿನೇ ನೋಡು ಶಾಣ್ಯಾಕಿ" ಎಂದು ತೀರ್ಪು ಕೊಟ್ಟಳು.

ಅವ್ವನಿಗೆ ಈ ಕತೆ ಹೇಳಿದ್ದು ಅಕ್ಕನ ಮಗಳು. ಹೈದರಾಬಾದಿನಿಂದ ಬೇಸಿಗೆ ರಜೆಗೆ ಬರುವಾಗ ಬಟ್ಟೆಗಿಂತ ಪುಸ್ತಕ ಜಾಸ್ತಿ ಹೊತ್ತುಕೊಂಡು ಬಂದಳು. ಒಂದೊಂದೂ ಇಟ್ಟಂಗಿಯಷ್ಟು ದಪ್ಪ, ಎಲ್ಲವೂ ಮಾಟಗಾತಿಯರವೇ. ಹದಿನಾರು ವರ್ಷದ ಪೋರಿ. ಅವಳ ವಯಸ್ಸಿನವರಿಗೆಂದೇ ಇಂಥ ಕಾದಂಬರಿ ಬರೆಯುತ್ತಾರಂತೆ, ಅಂಗಡಿಯಲ್ಲಿ ಅದಕ್ಕೇ ಬೇರೆ ಕಪಾಟು ಇರುತ್ತದಂತೆ, ಯಂಗ್ ಅಡಲ್ಟ್ ಎಂದು ಬೋರ್ಡು ಹಾಕಿರುತ್ತಾರಂತೆ. ನಮಗೆ ಆ ವಯಸ್ಸಿನಲ್ಲಿ ಅಂಥ ಕಪಾಟು ಇರಲಿಲ್ಲ. ಚಂದಮಾಮದ ಬೇತಾಳ ಮುಗಿದ ಮರುದಿನ ಹತ್ತನೇ ಇಯತ್ತೆಯ ಗೈಡು ಕೈಗೆ ಬರುತ್ತಿತ್ತು, ಅದು ಮುಗಿದರೆ ಹುಡುಗನಿಗೆ ನೌಕರಿ ಅರ್ಜಿ, ಹುಡುಗಿಗೆ ವರ. ನಡುವೆ ಮಾಟ-ಮಂತ್ರ ಓದಲು ಪುರುಸೊತ್ತೆಲ್ಲಿ?

ನಿರ್ಣಾ ಎಲ್ಲಿದೆ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಕಾಗದದ ಮೇಲೆ ಈಗ ಚಿಟಗುಪ್ಪ ತಾಲೂಕು, ಬಾಯಲ್ಲಿ ಇನ್ನೂ ಹುಮನಾಬಾದು. ಕನ್ನಡದಲ್ಲಿ ಬೈದು, ಉರ್ದುವಿನಲ್ಲಿ ಲೆಕ್ಕ ಹೇಳಿ, ಮರಾಠಿಯಲ್ಲಿ ಅಭಂಗ ಹಾಡಿ, ತೆಲುಗಿನಲ್ಲಿ ಸಿನಿಮಾ ನೋಡುವ ಸೀಮೆ. ಹೀಗಾಗಿ ನಮ್ಮ ದೆವ್ವಗಳಿಗೂ ನಾಲ್ಕು ಭಾಷೆ ಬರುತ್ತವೆ. ಮೈಮೇಲೆ ಬಂದದ್ದನ್ನು ಬಿಡಿಸುವ ಮಂತ್ರಗಾರ ಮೊದಲು "ಬೋಲ್, ಕೌನ್ ಹೈ?" ಅನ್ನುತ್ತಾನೆ, ಉತ್ತರ ಬಾರದಿದ್ದರೆ "ಯಾರಿದ್ದಿ ಹೇಳು" ಅನ್ನುತ್ತಾನೆ. ಲಂಡನ್ನಿನ ಮಂತ್ರವೆಲ್ಲ ಅರೆಬರೆ ಲ್ಯಾಟಿನ್ನಿನಲ್ಲಿ ಇರುವುದರಿಂದ ಅದು ಇಲ್ಲಿ ನಾಟುವ ಸಂಭವ ಕಡಿಮೆ.

ಅವ್ವನ ತಕರಾರು ಗೂಗಿಗೆ ನಿಲ್ಲಲಿಲ್ಲ. ಮಾಟಗಾತಿಯರು ಕಸಬರಿಗೆಯ ಮೇಲೆ ಕೂತು ಹಾರುತ್ತಾರೆ ಎಂಬುದನ್ನು ಕೇಳಿದ ಮೇಲಂತೂ ಕೈಯಲ್ಲಿದ್ದ ಕುಸುಬಿಯ ಮೊರ ಕೆಳಗಿಟ್ಟಳು.

"ಕಸಬರಿಗಿ ಅಂದ್ರ ಲಕ್ಷ್ಮಿ ಇದ್ದಂಗ. ತುಳಿಬಾರ್ದು, ದಾಟಬಾರ್ದು, ನೆಟ್ಟಗ ನಿಲ್ಲಿಸಬಾರ್ದು. ಇವ್ರು ಅದರ ಮ್ಯಾಲ ಕಾಲ್ ಹಾಕಿ ಕುಂದರ್ತಾರಾ?"

"ಆಯಿ, ಅದು ಹಾರ್ತದ."

"ಹಾರ್ಲಿ. ಕೆಳಗಿಳದ ಮ್ಯಾಲ ಮನಿ ಕಸ ಯಾರ್ ಹೊಡಿತಾರ?"

ಇದಕ್ಕೆ ಏಳು ಸಂಪುಟಗಳಲ್ಲಿ ಉತ್ತರವಿದೆ. ಆ ಶಾಲೆಯಲ್ಲಿ ಆ ಕೆಲಸಕ್ಕೆ ಕುಳ್ಳ ಆಳುಗಳಿದ್ದಾರೆ, ಅವರಿಗೆ ಸಂಬಳವೂ ಇಲ್ಲ ಎಂದು ಹುಡುಗಿ ಹೇಳಿದಳು. ಅವ್ವ ಗೋಣು ಹಾಕಿದಳು. ಅಷ್ಟರ ಮಟ್ಟಿಗೆ ಅದು ನಮ್ಮ ಊರೇ ಎಂದು ಅವಳಿಗೆ ಅನ್ನಿಸಿರಬೇಕು.

ಹಾರುವ ವಿಷಯದಲ್ಲಿ ನಮ್ಮ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಸವಕಲ್ಯಾಣದಲ್ಲಿ ರಾಜಾ ಬಾಗ ಸವಾರರ ದರ್ಗಾ ಇದೆ. ಹೆಸರೇ ಹೇಳುವ ಹಾಗೆ ಅವರು ಹುಲಿಯನ್ನೇರಿದವರು. ಗಡಿಯಾಚೆ ಮರಾಠಿ ಕೀರ್ತನಕಾರರನ್ನು ಕೇಳಿ. ಹಾವನ್ನೇ ಚಾಟಿ ಮಾಡಿಕೊಂಡು ಚಾಂಗದೇವ ಹುಲಿಯ ಮೇಲೆ ಮೆರೆಯುತ್ತ ಬಂದ, ಮುರುಕು ಗೋಡೆಯ ಮೇಲೆ ತಮ್ಮ, ತಂಗಿ, ಅಣ್ಣನ ಜೊತೆ ಕೂತಿದ್ದ ಜ್ಞಾನೇಶ್ವರ ಆ ಗೋಡೆಯನ್ನೇ ನಡೆಸಿಕೊಂಡು ಎದುರುಗೊಳ್ಳಲು ಹೋದ. ನಾಲ್ಕು ಜನ ಕೂತ ಗೋಡೆ! ಕಸಬರಿಗೆಗೆ ಒಬ್ಬರು ಕೂತರೇ ಹೆಚ್ಚು. ವಾಹನದ ಲೆಕ್ಕದಲ್ಲಿ ಗೋಡೆ ಎಂದರೆ ನಮ್ಮ ಟಂಟಂ, ಬಿಡಿ, ಎಷ್ಟು ಜನರನ್ನಾದರೂ ತುಂಬಬಹುದು.

ರೈಲಿನ ಮಾತು ಬಂದರೆ ಮಾತ್ರ ನಾವು ಸೋತೆವು. ಹ್ಯಾರಿ ಮಾಂತ್ರಿಕ ಶಾಲೆಗೆ ಹೋಗುವುದು ಒಂಬತ್ತೂ ಮುಕ್ಕಾಲನೇ ಪ್ಲಾಟ್‌ಫಾರ್ಮಿನಿಂದ. ಗೋಡೆಗೆ ಡಿಕ್ಕಿ ಹೊಡೆದರೆ ಆಚೆ ಉಗಿಬಂಡಿ ನಿಂತಿರುತ್ತದೆ. ನಮ್ಮ ಬೀದರ–ಕಲಬುರಗಿ ಮಾರ್ಗ ಮಂಜೂರಾದದ್ದು ತೊಂಬತ್ತರ ದಶಕದಲ್ಲಿ. ಆಮೇಲೆ ಹ್ಯಾರಿ ಶತ್ರುವನ್ನು ಕೊಂದ, ಮದುವೆಯಾದ, ಮೂರು ಮಕ್ಕಳ ತಂದೆಯಾದ. 2007ರಲ್ಲಿ ಬಂದ ಕೊನೆಯ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಅವನು ತನ್ನ ಮಕ್ಕಳನ್ನು ಅದೇ ರೈಲಿಗೆ ಹತ್ತಿಸುತ್ತಾನೆ. ಕತೆಯ ಲೆಕ್ಕದ ಪ್ರಕಾರ ಅದು 2017ರ ಸೆಪ್ಟೆಂಬರ್ 1. ಹುಮನಾಬಾದಿನ ಮೇಲೆ ಹಾದು ಹೋಗುವ ನಮ್ಮ ಮಾರ್ಗದ ಉದ್ಘಾಟನೆ ಆದದ್ದು ಅದೇ ವರ್ಷದ ಅಕ್ಟೋಬರ್ 29ಕ್ಕೆ. ಇಲ್ಲದ ರೈಲಿನಲ್ಲಿ ಎರಡು ತಲೆಮಾರು ಓಡಾಡಿದ ಮೇಲೆ ಇರುವ ರೈಲು ಬಂತು. ಯಾವುದು ಫ್ಯಾಂಟಸಿ, ಯಾವುದು ರೈಲ್ವೆ ಬಜೆಟ್ಟು ಎಂದು ಹೇಳುವುದು ಕಷ್ಟ.

ಇನ್ನು ಆ ಕರಿ ಹಂಡೆ. ಮಾಟಗಾತಿಯರ ಕಾದಂಬರಿಯ ಮುಖಪುಟದ ಮೇಲೆ ಅದು ಇದ್ದೇ ಇರುತ್ತದೆ: ಕೆಳಗೆ ಬೆಂಕಿ, ಒಳಗೆ ಹಸಿರು ರಸ ಕೊತಕೊತ. ಹುಡುಗಿ ಅದನ್ನು ತೋರಿಸಿದ ಕೂಡಲೇ ಅವ್ವ, "ಇದು ನಮ್ಮ ಭಜ್ಜಿ" ಅಂದಳು. ತಪ್ಪೇನಿಲ್ಲ. ಎಳ್ಳಮಾಸಿಯ ಹಿಂದಿನ ರಾತ್ರಿ ನಮ್ಮ ಅಡುಗೆಮನೆಗೆ ಲಂಡನ್ನಿನ ಮಂದಿಯನ್ನು ಕರೆತಂದು ನಿಲ್ಲಿಸಿದರೆ ಪೊಲೀಸರಿಗೆ ಫೋನ್ ಮಾಡಿಯಾರು. ದೊಡ್ಡ ಬೋಗುಣಿಯಲ್ಲಿ ಹಸಿ ಕಡಲೆ, ಹಸಿ ತೊಗರಿ, ಅವರೆ, ಮೆಂತ್ಯದ ತೊಪ್ಪಲು, ಹುಣಸೆಯ ಹುಳಿ, ಬಡಿದ ಬಳ್ಳೊಳ್ಳಿ, ಮೇಲೆ ಕದಡಿ ಹುಯ್ಯುವ ಕಡಲೆಹಿಟ್ಟು. ಹೆಂಗಸರು ಸುತ್ತ ಕೂತು ಒಬ್ಬರಾದ ಮೇಲೊಬ್ಬರು ತಿರುವುತ್ತ ನಡುರಾತ್ರಿ ದಾಟಿಸುತ್ತಾರೆ. ಮೂಲೆಯ ಗಡಿಗೆಯಲ್ಲಿ ಜೋಳದ ಅಂಬಲಿ ಹುಳಿ ಬರುತ್ತಿರುತ್ತದೆ. ಮಾರನೇ ದಿನ ಅಮಾವಾಸ್ಯೆ. ಎಲ್ಲವನ್ನೂ ಹೊತ್ತು ಹೊಲಕ್ಕೆ ಹೋಗಿ, ಕಣಿಕೆಯ ಗೂಡಿನಲ್ಲಿ ಪಾಂಡವರನ್ನಿಟ್ಟು ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲುತ್ತ ಒಬ್ಬ ಮುಂದೆ ಕೂಗಿದರೆ ಇನ್ನೊಬ್ಬ ಹಿಂದೆ ಕೂಗುತ್ತಾನೆ. ಅಮಾವಾಸ್ಯೆ, ಹಂಡೆ, ಕೂಗು, ಮಂತ್ರ — ಮಾಟದ ಕಾದಂಬರಿಗೆ ಬೇಕಾದ ಸಾಮಾನೆಲ್ಲ ಇದೆ. ಒಂದೇ ವ್ಯತ್ಯಾಸ, ನಮ್ಮ ಹಂಡೆಯದನ್ನು ಕುಡಿದವರು ಕಪ್ಪೆಯಾಗುವುದಿಲ್ಲ, ಬೇವಿನ ನೆರಳಲ್ಲಿ ಸಂಜೆತನಕ ಮಲಗುತ್ತಾರೆ.

ರಸವಿದ್ಯೆಯ ತರಗತಿ ಬೇಕೆಂದರೆ ಬೀದರಿನ ಬಿದರಿ ಕುಶಲಕರ್ಮಿಯ ಮುಂದೆ ಹೋಗಿ ಕೂಡ್ರಬೇಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ, ಅದರ ಮೈಯಲ್ಲಿ ಕೆತ್ತಿ ಕೂರಿಸಿದ ಬೆಳ್ಳಿ ತಂತಿ. ಆ ತನಕ ಯಾವುದು ಬೆಳ್ಳಿ, ಯಾವುದು ಸತುವು ಎಂದು ಕಣ್ಣಿಗೆ ಅಷ್ಟಾಗಿ ಗೊತ್ತಾಗದು. ಕೊನೆಗೆ ಕೋಟೆಯ ಹಳೇ ಗೋಡೆಗಳ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕುದಿಸಿ ಅದರಲ್ಲಿ ಅದ್ದುತ್ತಾನೆ. ಹೂಜಿಯ ಮೈಯೆಲ್ಲ ಕರ್ರಗಾಗುತ್ತದೆ, ಬೆಳ್ಳಿ ಮಾತ್ರ ಕಪ್ಪಾಗದೆ ಫಳಫಳ ಹೊಳೆಯುತ್ತದೆ. ಕುಶಲಕರ್ಮಿ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿಯೇ ಆರಿಸುತ್ತಾನೆ. ಇದನ್ನು ಕಂಡ ಹುಡುಗಿ, "ಮಾಮಾ, ಇದು ಪೋಶನ್ ಕ್ಲಾಸ್!" ಎಂದು ಕುಣಿದಳು. ನಾನು ಇದು ರಸಾಯನ ಶಾಸ್ತ್ರ ಎಂದೆ. ಅವಳ ಮುಖ ಸಪ್ಪಗಾಯಿತು. ಆ ವಿಷಯದಲ್ಲಿ ಅವಳ ಅಂಕಗಳ ಬಗ್ಗೆ ಅಕ್ಕ ಮೊದಲೇ ಫೋನಿನಲ್ಲಿ ಹೇಳಿದ್ದಳು.

ಆದರೆ ನನ್ನ ಬತ್ತಳಿಕೆಯಲ್ಲಿ ಇನ್ನೂ ದೊಡ್ಡ ಬಾಣವಿತ್ತು. ಮಾಯಾಜಾಲದ ಕಾದಂಬರಿ ಎಂದರೆ ವಿಲಾಯತಿಯಿಂದ ಬರಬೇಕು ಎಂದು ತಿಳಿದಿರುವ ಈ ಹೈದರಾಬಾದಿ ಪೋರಿಗೆ ಬೀದರಿನದೇ ಒಂದು ಕತೆ ಹೇಳಿದೆ. ಹದಿನೈದನೇ ಶತಮಾನದ ಮೊದಲರ್ಧ, ಬಹಮನಿ ಸುಲ್ತಾನರ ಕಾಲ. ನಿಜಾಮಿ ಎಂಬ ಕವಿ ಇಲ್ಲಿನ ದಖನಿ ಮಾತಿನಲ್ಲಿ 'ಕದಮರಾವ್ ಪದಮರಾವ್' ಎಂಬ ಮಸ್ನವಿ ಬರೆದ. ದಖನಿಯಲ್ಲಿ ನಮಗೆ ಉಳಿದಿರುವ ಸಾಹಿತ್ಯದಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಕದಮರಾವ್ ಅರಸ, ಪದಮರಾವ್ ಅವನ ಮಂತ್ರಿ, ನಾಗಕುಲದವನು, ಅಂದರೆ ಹಾವು. ಅಖರನಾಥ ಎಂಬ ಜೋಗಿಯೊಬ್ಬ ಆಸ್ಥಾನಕ್ಕೆ ಬರುತ್ತಾನೆ, ಕಬ್ಬಿಣವನ್ನು ಚಿನ್ನ ಮಾಡಿ ತೋರಿಸುತ್ತಾನೆ. ಅರಸ ಮರುಳಾಗಿ ಪರಕಾಯ ಪ್ರವೇಶದ ವಿದ್ಯೆ ಕಲಿಸೆಂದು ಬೆನ್ನು ಬೀಳುತ್ತಾನೆ. ಜೋಗಿ ಕಲಿಸುತ್ತಾನೆ. ಅರಸನ ಜೀವ ಗಿಳಿಯ ಮೈಯೊಳಗೆ ಹೋಗಿ ಕೂಡುತ್ತದೆ, ಖಾಲಿಯಾದ ಅರಸನ ಮೈಯೊಳಗೆ ಜೋಗಿ ಹೊಕ್ಕು ಸಿಂಹಾಸನ ಏರುತ್ತಾನೆ.

"ಆಮೇಲೆ?" ಎಂದಳು ಹುಡುಗಿ. ಅವಳ ಕೈಯಲ್ಲಿದ್ದ ಇಟ್ಟಂಗಿ ಪುಸ್ತಕ ಆಗಲೇ ಹೊರಸಿನ ಮೇಲೆ ಬೋರಲಾಗಿತ್ತು.

ಆಮೇಲೆ ಗಿಳಿ ತಾನೇ ಅರಸ ಎಂದು ಯಾರಿಗೆ ಹೇಳಬೇಕು, ಯಾರು ನಂಬಬೇಕು? ಹಾವಿನ ಮಂತ್ರಿಯೇ ದಿಕ್ಕು. ಉಳಿದಿರುವುದು ಒಂದೇ ಒಂದು ಹಸ್ತಪ್ರತಿ, ಅದೂ ಅಪೂರ್ಣ. ಅದನ್ನು ಜಮೀಲ್ ಜಾಲಿಬಿ ಎಂಬ ವಿದ್ವಾಂಸರು ಸಂಪಾದಿಸಿ 1973ರಲ್ಲಿ ಕರಾಚಿಯಿಂದ ಪ್ರಕಟಿಸಿದರು. ಬೀದರಿನ ಗಿಳಿ ಕರಾಚಿಯಲ್ಲಿ ಬಾಯಿ ಬಿಟ್ಟಿತು ನೋಡಿ. ಪ್ರತಿ ಅಪೂರ್ಣ ಎಂದು ಕೇಳಿದ ಹುಡುಗಿಗೆ ಬೇಸರವೇನೂ ಆಗಲಿಲ್ಲ. "ಅಂದ್ರ ಪಾರ್ಟ್ ಟೂ ಬರೋದದ" ಎಂದಳು. ಆರುನೂರು ವರ್ಷ ಕಾಯಿಸಿದ ಪಾರ್ಟ್ ಟೂ.

ನಿಜಾಮಿ ಬರೆಯುತ್ತಿದ್ದ ಹೊತ್ತಿಗೇ ತುಂಗಭದ್ರೆಯ ದಂಡೆಯ ಮೇಲೆ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಚಾಮರಸ 'ಪ್ರಭುಲಿಂಗಲೀಲೆ' ಬರೆಯುತ್ತಿದ್ದ. ಪ್ರೌಢದೇವರಾಯನಿಗೂ ಬಹಮನಿಗಳಿಗೂ ಕತ್ತಿ ಕಾಳಗ ನಡೆದೇ ಇತ್ತು; ಎರಡೂ ಕಡೆಯ ಕವಿಗಳು ಮಾತ್ರ ಜೋಗಿಗಳ ಬೆನ್ನು ಬಿದ್ದಿದ್ದರು. ಚಾಮರಸನ ಜೋಗಿ ಗೋರಕ್ಷ, ಎದುರಾಳಿ ನಮ್ಮ ಕಲ್ಯಾಣದ ಅಲ್ಲಮಪ್ರಭು. ಗೋರಕ್ಷನದು ವಜ್ರಕಾಯ. ಬೇಕಾದರೆ ಹೊಡೆದು ನೋಡು ಎಂದು ಕತ್ತಿ ಕೊಟ್ಟ. ಅಲ್ಲಮ ಹೊಡೆದರೆ ಖಣ್ ಎಂದು ಸದ್ದಾಯಿತು, ಕೂದಲೂ ಕೊಂಕಲಿಲ್ಲ. ಈಗ ನನಗೆ ಹೊಡೆ ಎಂದ ಅಲ್ಲಮ. ಗೋರಕ್ಷ ಬೀಸಿದ ಕತ್ತಿ ಬಯಲಲ್ಲಿ ಆಡಿದ ಹಾಗೆ ಅಲ್ಲಮನ ಮೈಯೊಳಗಿಂದ ಈಚೆಗೆ ಬಂತು. ಸದ್ದೇ ಇಲ್ಲ. ಸದ್ದಾದವನು ಸೋತ.

ಇದಕ್ಕಿಂತ ಒಳ್ಳೆಯ ಮಂತ್ರಗಾಳಗ ಯಾವ ಇಂಗ್ಲಿಷ್ ಕಾದಂಬರಿಯಲ್ಲಿದೆಯೋ ನನಗೆ ಕಂಡಿಲ್ಲ. ಅಲ್ಲಿಯವರು ಕೋಲಿನ ತುದಿಯಿಂದ ಕೆಂಪು, ಹಸಿರು ಕಿಡಿ ಹಾರಿಸುತ್ತ ಪುಟಗಟ್ಟಲೆ ಚೀರಾಡುತ್ತಾರೆ, ದೀಪಾವಳಿಯ ರಾತ್ರಿ ಓಣಿಯ ಹುಡುಗರು ಇಷ್ಟೇ ಮಾಡುತ್ತಾರೆ. ಕಲ್ಯಾಣದವರು ಮಾಟ ಗೊತ್ತಿಲ್ಲದವರಲ್ಲ, ಮಾಟಕ್ಕೆ ಬೆಲೆ ಕೊಡದವರು. ನಮ್ಮ ಈಗಿನ ಓಣಿಗಳಿಗೆ ಅವರು ಹೆಚ್ಚುಕಡಿಮೆ ಒಂಬೈನೂರು ವರ್ಷ ಮುಂದಿದ್ದಾರೆ ಎಂದರೆ ಹೊಗಳಿಕೆ ಅಲ್ಲ, ಬರೇ ದೂರದ ಲೆಕ್ಕ.

ಯಾಕೆಂದರೆ ನಮ್ಮ ಓಣಿಗಳಲ್ಲಿ ಈಗಲೂ ಭಾನಾಮತಿ ಇದೆ. ಬೀದರ, ಕಲಬುರಗಿ, ಆ ಕಡೆ ಮರಾಠವಾಡ, ಈ ಕಡೆ ತೆಲಂಗಾಣ — ಹಳೇ ನಿಜಾಮನ ರಾಜ್ಯ ಎಲ್ಲಿತ್ತೋ ಅಲ್ಲೆಲ್ಲ ಅದರ ಮಾತಿದೆ. ನಿಜಾಮ ಹೋದ, ನಾಲ್ಕು ಸಲ ನಕಾಶೆ ಬದಲಾಯಿತು, ಭಾನಾಮತಿ ತನ್ನ ಸರಹದ್ದು ಬಿಟ್ಟುಕೊಟ್ಟಿಲ್ಲ. ದೀಪ ಹಚ್ಚುವ ಹೊತ್ತಿಗೆ ಪತ್ರಾಸಿನ ಮೇಲೆ ಟಣ್ ಎಂದು ಒಂದು ಕಲ್ಲು ಬೀಳುತ್ತದೆ. ಹೊರಗೆ ಬಂದು ನೋಡಿದರೆ ಯಾರೂ ಇಲ್ಲ. ಮರುದಿನ ಮತ್ತೆರಡು. ವಾರದೊಳಗೆ ಗಂಟಿನಲ್ಲಿ ಕಟ್ಟಿಟ್ಟ ಸೀರೆ ತಾನೇ ಸುಟ್ಟಿರುತ್ತದೆ, ಅನ್ನದ ಗಡಿಗೆಯಲ್ಲಿ ಹೊಲಸು ಬಿದ್ದಿರುತ್ತದೆ, ಮಲಗಿದವಳ ಜಡೆ ಬೆಳಗಾಗುವುದರೊಳಗೆ ಕತ್ತರಿಸಿರುತ್ತದೆ. ಓಣಿಗೆ ಓಣಿಯೇ ಕಂದೀಲು ಹಿಡಿದು ಕಾಯುತ್ತದೆ. ಕಾಯುವವರ ಮೇಲೂ ಕಲ್ಲು ಬೀಳುತ್ತದೆ.

ಆಗ ಮಂತ್ರಗಾರ ಬರುತ್ತಾನೆ. ಅವನ ಚೀಟಿಯನ್ನು ನಾನು ಕಣ್ಣಾರೆ ಓದಿದ್ದೇನೆ. ಕಿರಾಣಿ ಅಂಗಡಿಯವನೇ ಬರೆದುಕೊಂಡಿದ್ದ. ಲಿಂಬೆಹಣ್ಣು ಇಪ್ಪತ್ತೊಂದು, ತೆಂಗಿನಕಾಯಿ ಐದು, ಕುಂಕುಮ ಪಾವು ಕಿಲೋ, ಕರಿ ಬಟ್ಟೆ ಸವ್ವಾ ಮೀಟರು, ಕರಿ ಕೋಳಿ ಒಂದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎಣ್ಣೆ ಒಂದು ಕಿಲೋ, ಖಾರಪುಡಿ, ಗರಂ ಮಸಾಲಾ. ದೆವ್ವಕ್ಕೆ ಗರಂ ಮಸಾಲಾ ಯಾಕೆ ಎಂದು ಕೇಳುವ ಧೈರ್ಯ ಆ ಮನೆಯವರಿಗೆ ಬರಲಿಲ್ಲ. ದಕ್ಷಿಣೆ ಬೇರೆ. ಎಲ್ಲ ಮುಗಿದ ಮೇಲೆ ಅವನು ಕಣ್ಣು ಮುಚ್ಚಿ ಮಾಡಿಸಿದವರ ಗುರುತು ಹೇಳುತ್ತಾನೆ: "ಹೆಣ್ಣುಮಗಳು. ನಿಮಗ ಗೊತ್ತಿದ್ದಾಕಿನೇ. ಹೆಸರಿನಾಗ 'ಮ' ಬರ್ತದ." ಶಾಂತಮ್ಮ, ಕಲ್ಲಮ್ಮ, ನಾಗಮ್ಮ, ಭೀಮಬಾಯಿ, ಮಹಾದೇವಿ, ಮಲ್ಲಮ್ಮ, ಮೆಹಬೂಬಿ — ಬೀದರ ಜಿಲ್ಲೆಯಲ್ಲಿ ಹೆಸರಿನಲ್ಲಿ 'ಮ' ಇಲ್ಲದ ಹೆಣ್ಣುಮಗಳನ್ನು ಹುಡುಕಿ ಕೊಟ್ಟವರಿಗೆ ನಾನೇ ಬಹುಮಾನ ಕೊಡುತ್ತೇನೆ.

ಅಷ್ಟು ಜನರಲ್ಲಿ ಯಾರು ಎಂಬುದನ್ನು ಮಂತ್ರಗಾರ ಊರಿಗೆ ಬಿಡುತ್ತಾನೆ. ಊರು ಆರಿಸುವ ರೀತಿ ನಿಮಗೂ ಗೊತ್ತು. ನಾಲ್ಕು ಗಂಡುಮಕ್ಕಳಿರುವ, ಹೊಲ ಇರುವ, ಪಂಚಾಯತಿ ಮೆಂಬರ ಮನೆಯ ಮಲ್ಲಮ್ಮ ಎಂದೂ ಮಾಟ ಮಾಡಿಸುವುದಿಲ್ಲ. ಓಣಿಯ ಕೊನೆಗೆ ಒಬ್ಬಳೇ ಇರುವ, ಗಂಡ ಸತ್ತ, ಸ್ವಲ್ಪ ಜೋರು ಬಾಯಿಯ ಮಲ್ಲಮ್ಮನೇ ಮಾಡಿಸುತ್ತಾಳೆ. ಇಂಗ್ಲಿಷ್ ಕಾದಂಬರಿಯ ಮಾಟಗಾತಿ ಬೆರಳು ತೋರಿಸಿದರೆ ಕೋಟೆ 
ಉರುಳುತ್ತದೆ. ನಮ್ಮ ಮಾಟಗಾತಿಗೆ ರೇಶನ್ ಅಂಗಡಿಯ ಸಾಲಿನಲ್ಲಿ ಮುಂದೆ ಹೋಗುವ ಶಕ್ತಿಯೂ ಇರುವುದಿಲ್ಲ.

ಹಾಗಾದರೆ ಕಲ್ಲು ಒಗೆಯುವವರು ಯಾರು? ನರೇಂದ್ರ ದಾಭೋಲ್ಕರ್ 1989ರಲ್ಲಿ ಕಟ್ಟಿದ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಭಾನಾಮತಿಯ ಮನೆಗಳಿಗೆ ಹೋಗಿ, ಒಬ್ಬೊಬ್ಬರನ್ನೇ ಪ್ರತ್ಯೇಕ ಕೂರಿಸಿ, ಸಮಾಧಾನದಿಂದ ಮಾತಾಡಿಸುತ್ತ ಬಂದರು. ಕಲ್ಲು ಆಕಾಶದಿಂದಲ್ಲ, ಬಹಳ ಸಲ ಮನೆಯೊಳಗಿನ ಕೈಯಿಂದಲೇ ಬರುತ್ತದೆ. ಯಾರಿಗೂ ಹೇಳಿಕೊಳ್ಳಲಾಗದ ಸಂಕಟದಲ್ಲಿರುವ ಒಂದು ಜೀವ; ಸಾಲೆ ಬಿಡಿಸಿದ ಹುಡುಗಿಯೋ, ಹೊಸದಾಗಿ ಬಂದ ಸೊಸೆಯೋ, ಹೊಡೆತ ತಿನ್ನುವ ಹುಡುಗನೋ. ಯಾರೆಂದು ತಿಳಿದ ಮೇಲೂ ಸಮಿತಿಯವರು ಹೆಸರನ್ನು ಹೊರಗೆ ಹೇಳುವುದಿಲ್ಲ. ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದು. ಮಂತ್ರಗಾರ ಅಪರಾಧಿಯಲ್ಲದವಳ ಹೆಸರು ಹೇಳಿ ರೊಕ್ಕ ಎಣಿಸುತ್ತಾನೆ, ಇವರು ಕಲ್ಲೊಗೆದವಳ ಹೆಸರು ಗೊತ್ತಿದ್ದೂ ನುಂಗಿಕೊಂಡು ಬಸ್ಸು ಹತ್ತುತ್ತಾರೆ. ಅಂಥ ದಾಭೋಲ್ಕರರನ್ನು 2013ರ ಆಗಸ್ಟಿನಲ್ಲಿ ಪುಣೆಯ ಸೇತುವೆಯ ಮೇಲೆ ಗುಂಡಿಕ್ಕಿ ಕೊಂದರು; ಅವರು ವರ್ಷಗಟ್ಟಲೆ ಕೇಳುತ್ತಿದ್ದ ಮಾಟ-ಮಂತ್ರ ತಡೆಯುವ ಕಾಯ್ದೆ ಆ ಮೇಲೆ, ಅದೇ ವರ್ಷ ಬಂತು.

ನಮ್ಮ ಕರ್ನಾಟಕದ್ದೂ ಇದೆ, 2017ರ ಕಾಯ್ದೆ, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಅದಕ್ಕೂ ಬಹಳ ಮೊದಲು, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ನಾಡಿನ ಬಾಬಾಗಳ ನಿದ್ದೆ ಕೆಡಿಸಿದ್ದರು. ಹೊಸ ಕಾಯ್ದೆ ವಾಸ್ತುವನ್ನೂ ಜ್ಯೋತಿಷ್ಯವನ್ನೂ ಹೊರಗಿಟ್ಟಿದೆ. ವಿಧಾನಸೌಧದ ಬಾಗಿಲುಗಳ ದಿಕ್ಕಿನ ಬಗ್ಗೆ ಆಗಾಗ ಏಳುವ ಚರ್ಚೆ ಕೇಳಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬಸ್ಸಿನ ಸೀಟಿನ ಬೆನ್ನಿಗೆ 'ವಶೀಕರಣ ಸ್ಪೆಷಲಿಸ್ಟ್, 24 ಗಂಟೆಯಲ್ಲಿ ಪರಿಹಾರ' ಎಂಬ ಚೀಟಿ ಇನ್ನೂ ಅಂಟಿಕೊಂಡೇ ಪ್ರಯಾಣ ಮಾಡುತ್ತದೆ, ಟಿಕೀಟಿಲ್ಲದೆ.

ಕಲ್ಲೊಗೆಯುವ ಹುಡುಗಿಯ ಸಂಗತಿ ಕೇಳಿ ಅಕ್ಕನ ಮಗಳು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಚೀಲದಿಂದ ಇನ್ನೊಂದು ಪುಸ್ತಕ ತೆಗೆದಳು. 'ಅಕಾಟಾ ವಿಚ್', 2011ರದ್ದು, ನೈಜೀರಿಯಾ ಮೂಲದ ಅಮೆರಿಕದ ಲೇಖಕಿ ನೆಡಿ ಒಕೊರಾಫೊರ್ ಬರೆದದ್ದು. ಇದರಲ್ಲಿ ಇಂಗ್ಲೆಂಡಿಲ್ಲ, ಗೂಗಿ ಇಲ್ಲ. ನೈಜೀರಿಯಾದ ಅಬಾ ಎಂಬ ಊರಿನಲ್ಲಿ ಸನ್ನಿ ಎಂಬ ಹನ್ನೆರಡು ವರ್ಷದ ಹುಡುಗಿ. ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಮೈ ಬಿಳಿಚಿದ್ದು, ಬಿಸಿಲಿಗೆ ಹೋಗುವ ಹಾಗಿಲ್ಲ. ಸಾಲೆಯ ಹುಡುಗರು ಅವಳನ್ನು ಕಾಡುತ್ತಾರೆ. ನಮ್ಮಲ್ಲಾದರೆ ಅವಳ ಹೆಸರಿನಲ್ಲಿ 'ಮ' ಹುಡುಕುತ್ತಿದ್ದರು. ಆ ಲೇಖಕಿ ಅವಳನ್ನೇ ಚಿರತೆಯ ಮಂದಿ ಎಂಬ ಮಾಂತ್ರಿಕರ ಕುಲಕ್ಕೆ ಸೇರಿಸಿ ನಾಯಕಿ ಮಾಡಿದ್ದಾಳೆ. ತಮ್ಮೂರಿನ ಜುಜು, ತಮ್ಮೂರಿನ ಮುಖವಾಡದ ದೈವಗಳು, ತಮ್ಮೂರಿನ ಖಾರದ ಸಾರು, ಎಲ್ಲವೂ ಅದರಲ್ಲಿವೆ.

"ಇದ್ರಾಗ ಒಂದು ಮಜಾ ಅದ ಮಾಮಾ. ಏನಾರ ಹೊಸದು ಕಲ್ತ್ರ ಮ್ಯಾಲಿಂದ ರೊಕ್ಕ ಬೀಳ್ತಾವ. ಚಿತ್ತಿಮ್ ಅಂತಾರ. ದೊಡ್ಡದು ಕಲ್ತ್ರ ರಾಶಿ ಬೀಳ್ತದ."

ಅಲ್ಲಿ ಕಲಿತರೆ ಆಕಾಶದಿಂದ ನಾಣ್ಯ, ಇಲ್ಲಿ ಸಾಲೆ ಬಿಡಿಸಿದರೆ ಪತ್ರಾಸಿನ ಮೇಲೆ ಕಲ್ಲು. ಎರಡೂ ಕಡೆ ಹುಡುಗಿಯ ವಯಸ್ಸು ಹೆಚ್ಚುಕಡಿಮೆ ಒಂದೇ. ನಾನು ಹೇಳುವುದಿಷ್ಟೇ: ಆ ಯಂಗ್ ಅಡಲ್ಟ್ ಕಪಾಟಿಗೆ ಬೇಕಾದ ನಾಯಕಿ ನಮ್ಮ ಹೋಬಳಿಯಲ್ಲಿ ತಲೆಮಾರುಗಳಿಂದ ಕೂತಿದ್ದಾಳೆ, ಮಾಳಿಗೆಯ ಮೂಲೆಯಲ್ಲಿ, ಮಡಿಲ ತುಂಬ ಕಲ್ಲು ಇಟ್ಟುಕೊಂಡು. ನಾವು ಅವಳಿಗೆ ಕಾದಂಬರಿ ಬರೆಯುವ ಬದಲು ಲಿಂಬೆಹಣ್ಣು ತರಿಸಿದೆವು.

ಹುಡುಗಿ ಆ ರಾತ್ರಿಯೇ ಕಾದಂಬರಿ ಬರೆಯಲು ನೋಟ್‌ಬುಕ್ ತೆಗೆದಳು. ಮಾಂತ್ರಿಕ ಶಾಲೆಗೆ ಜಾಗ ಬೇಕಿತ್ತು. ನಾನು ಬಸವಕಲ್ಯಾಣದ ಕೋಟೆ ಎಂದೆ, ಪಠ್ಯಕ್ಕೂ ಹತ್ತಿರವಾದೀತು. ಅಲ್ಲಿನ ಚಾಲುಕ್ಯ ಅರಸ ಮೂರನೇ ಸೋಮೇಶ್ವರನೇ ಅಡುಗೆಯಿಂದ ಆನೆಯವರೆಗೆ ಎಲ್ಲವನ್ನೂ ಸೇರಿಸಿ 'ಮಾನಸೋಲ್ಲಾಸ' ಬರೆದವನು. ಅವಳಿಗೆ ಬೀದರಿನ ಮಹಮೂದ್ ಗಾವಾನ್ ಮದರಸಾ ಬೇಕಂತೆ. ಅವಳ ಆಯ್ಕೆಯೇ ಸರಿ ಎಂದು ಒಪ್ಪಿಕೊಂಡೆ. 1472ರಲ್ಲಿ ಮುಗಿದ ಕಟ್ಟಡ, ಮೂರಂತಸ್ತು, ಮೈತುಂಬ ನೀಲಿ ಬಿಲ್ಲೆ. ಆಮೇಲೆ ಸ್ಫೋಟದಲ್ಲಿ ಅರ್ಧ ಹಾರಿಹೋಗಿ ಈಗ ಒಂದೇ ಮಿನಾರು ನಿಂತಿದೆ. ಕಟ್ಟಿಸಿದ ಗಾವಾನ್‌ನದೂ ಕಾದಂಬರಿಗೆ ಹೇಳಿ ಮಾಡಿಸಿದ ಸಾವು: ವೈರಿಗಳು ಅವನ ಮುದ್ರೆ ಒತ್ತಿದ ಖೊಟ್ಟಿ ಪತ್ರ ಸೃಷ್ಟಿಸಿದರು, ಸುಲ್ತಾನ ಅದನ್ನು ನಂಬಿ 1481ರಲ್ಲಿ ಅವನ ತಲೆ ತೆಗೆಸಿದ. ಆ ಖೊಟ್ಟಿ ಪತ್ರ ಗೂಗಿಯೇ ತಂದದ್ದು ಎಂದು ಬರೆಯುತ್ತಾಳಂತೆ. ಅವ್ವನಿಗೆ ಇದು ಬಹಳ ಮೆಚ್ಚಿಗೆಯಾಯಿತು.

ಹಾಸ್ಟೆಲಿನ ಊಟದ ಬಗ್ಗೆ ದೊಡ್ಡ ಜಗಳವೇ ಆಯಿತು. ಹುಡುಗಿ ಬಿರಿಯಾನಿ ಬರೆದಿದ್ದಳು, ಅವ್ವ ಕಡಕ್ ರೊಟ್ಟಿ ಮತ್ತು ಪುಂಡಿಪಲ್ಯೆ ಬರೆಸಿದಳು. ನಾಯಕಿಯ ಹೆಸರಲ್ಲಿ 'ಮ' ಇರಲೇಬೇಕು ಎಂಬ ಷರತ್ತೂ ಹಾಕಿದಳು. ಓಣಿಯ ಕೊನೆಯ ಮನೆಯ ವಿಧವೆಯನ್ನು ಹೆಡ್‌ಮಿಸ್ಟ್ರೆಸ್ ಮಾಡಿದ್ದಕ್ಕೆ ತಕರಾರಿರಲಿಲ್ಲ. ಹಾರಲು ಏನು ಕೊಡಬೇಕು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಹುಲಿಯನ್ನು ಸಾಕುವುದಕ್ಕೆ ಅರಣ್ಯ ಇಲಾಖೆ ಬಿಡುವುದಿಲ್ಲ, ಕಸಬರಿಗೆಗೆ ಅವ್ವ ಬಿಡುವುದಿಲ್ಲ. ಸದ್ಯಕ್ಕೆ ಗೋಡೆ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ.

ಕೊನೆಗೆ ಅವ್ವ ಅಂದಳು: "ಅದೆಲ್ಲಾ ಇರ್ಲಿ. ಮೊದಲ್ನೇ ಪಾಠದಾಗೇ ಆ ಮಂತ್ರಗಾರ ಲಿಂಬಿಹಣ್ಣಿಂದು, ಕೋಳೀದು, ದಕ್ಷಿಣೀದು, ಎಲ್ಲಾ ರೊಕ್ಕ ಆ ಮನಿಯವ್ರಿಗೆ ವಾಪಸ್ ಕೊಟ್ಟಾ ಅಂತ ಬರಿ."

ಹುಡುಗಿ ಪೆನ್ನು ಕಚ್ಚಿಕೊಂಡು ಬಹಳ ಹೊತ್ತು ವಿಚಾರ ಮಾಡಿದಳು.

"ಆಯಿ, ಗೋಡಿ ಹಾರ್ತದ ಅಂತ ಬರಿತೀನಿ. ಗಿಳಿ ರಾಜಾ ಆಯ್ತು ಅಂತ ಬರಿತೀನಿ. ಮಂತ್ರಗಾರ ರೊಕ್ಕ ವಾಪಸ್ ಕೊಟ್ಟಾ ಅಂದ್ರ ಯಾರ್ ನಂಬ್ತಾರ?"